ಪುರಭವನದ ಬೀಗ ತೆಗೆಯಿರಿ, ರಂಗವನ್ನು ಊರಿಗೆ ಕೊಡಿ: ಪುರಸಭೆಗೊಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಅಧ್ಯಕ್ಷರು, ಉಪಾಧ್ಯಕ್ಷರು ಹಾಗೂ ಸರ್ವ ಸದಸ್ಯರು,
ಮಾನ್ಯ ಮುಖ್ಯಾಧಿಕಾರಿಗಳು,
ಪುರಸಭೆ.

ವಿಷಯ: ಪೇಟೆ ಬೀದಿಯ ಹಳೆಯ ಪುರಭವನವನ್ನು ಕೆಡವುವ ಪ್ರಸ್ತಾವವನ್ನು ಕೈಬಿಟ್ಟು, ಅದನ್ನು ಸುಣ್ಣದ ಗಾರೆಯಲ್ಲೇ ದುರಸ್ತಿ ಮಾಡಿಸಿ ಊರಿನ ರಂಗಮಂದಿರವಾಗಿ ನಡೆಸುವ ಕುರಿತು.

ಮಾನ್ಯರೇ,

ಹಳೆಯ ಪುರಭವನವನ್ನು ಶಿಥಿಲ ಕಟ್ಟಡವೆಂದು ಘೋಷಿಸಿ, ಆ ಜಾಗದಲ್ಲಿ ಕೆಳಗೆ ಮಳಿಗೆಗಳೂ ಮೇಲೆ ‘ವಿವಿಧೋದ್ದೇಶ ಸಭಾಂಗಣ’ವೂ ಇರುವ ವಾಣಿಜ್ಯ ಸಂಕೀರ್ಣವನ್ನು ಕಟ್ಟಿಸುವ ವಿಷಯ ಮುಂದಿನ ಸಾಮಾನ್ಯ ಸಭೆಗೆ ಬರಲಿದೆಯೆಂದು ಕಚೇರಿಯ ಸೂಚನಾ ಫಲಕದಲ್ಲಿ ಓದಿದೆ. ಅದು ಠರಾವಾಗಿ ಪುಸ್ತಕ ಸೇರುವ ಮೊದಲು ನನ್ನ ಆಕ್ಷೇಪಣೆ ತಮ್ಮ ಮುಂದಿರಲೆಂದು ಇದನ್ನು ಬರೆಯುತ್ತಿದ್ದೇನೆ. ಇದರ ಒಂದು ಪ್ರತಿಯನ್ನು ಟಪಾಲು ಶಾಖೆಗೆ ಕೊಟ್ಟು ಸ್ವೀಕೃತಿ ಪಡೆದಿದ್ದೇನೆ. ಊರಿನ ಹೆಸರನ್ನು ಬೇಕೆಂದೇ ಬರೆದಿಲ್ಲ. ತಲುಪಬೇಕಾದವರಿಗೆ ಅದು ಯಾವ ಊರೆಂದು ಗೊತ್ತು. ಉಳಿದವರಲ್ಲಿ ಕೆಲವರಿಗೆ ಇದು ತಮ್ಮ ಊರಿನದೇ ಕಥೆಯೆನ್ನಿಸಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ನಾನು ಎಂಜಿನಿಯರಳಲ್ಲ, ಗುತ್ತಿಗೆದಾರಳಲ್ಲ. ಸುತ್ತಿನ ಹಳ್ಳಿಗಳಿಗೆ ಮೂವತ್ತು ವರ್ಷ ಪೌರಾಣಿಕ ನಾಟಕ ಕಲಿಸಿದ ಒಬ್ಬ ಹಾರ್ಮೋನಿಯಂ ಮೇಷ್ಟ್ರ ಮಗಳು. ನನ್ನ ಬಾಲ್ಯದ ಅರ್ಧ ರಾತ್ರಿಗಳು ಆ ಪುರಭವನದ ಸೈಡ್ ವಿಂಗಿನಲ್ಲಿ, ಅಪ್ಪನ ಹಾರ್ಮೋನಿಯಂ ಪೆಟ್ಟಿಗೆಯ ಮುಚ್ಚಳಕ್ಕೆ ತಲೆಯಿಟ್ಟು, ಮೂರನೇ ಬೆಲ್ಲಿಗೆ ಎಚ್ಚರವಾಗುತ್ತ ಕಳೆದವು. ಹಾಗೆಂದು ಈ ಪತ್ರವನ್ನು ಹಳೆಯ ನೆನಪಿನ ಹಳಹಳಿಕೆಯೆಂದು ತಾವು ಬದಿಗಿಡಬಾರದು. ಕಣ್ಣಾರೆ ಕಂಡದ್ದನ್ನು ಮೊದಲು ಹೇಳಿ, ಅದರ ಮೇಲೆಯೇ ನನ್ನ ಬೇಡಿಕೆಯನ್ನಿಡುತ್ತೇನೆ.

ಈ ಕಟ್ಟಡ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ರಜತ ಮಹೋತ್ಸವದ ನೆನಪಿನದು. ಬಾಗಿಲ ಮೇಲಿನ ಕಲ್ಲಿನಲ್ಲಿ 1927 ಎಂದು ಕೊರೆದಿರುವುದು ಈಗಲೂ ಓದಲು ಬರುತ್ತದೆ. ಮೈಸೂರಿನ ದೊಡ್ಡ ಗಡಿಯಾರ ಎದ್ದದ್ದೂ ಅದೇ ಸಂದರ್ಭದಲ್ಲಿ, ಅರಮನೆಯ ನೌಕರರ ವಂತಿಗೆಯಿಂದ. ಊರಿನವರು ಸೇರುವುದಕ್ಕೊಂದು ಭವನವಿರಬೇಕೆಂಬ ಯೋಚನೆ ಅದಕ್ಕಿಂತಲೂ ಹಳೆಯದು: 1881ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆ ಶುರುವಾದಾಗ ದಿವಾನರಾಗಿದ್ದ ರಂಗಾಚಾರ್ಲು ಅವರ ಸ್ಮರಣೆಗೆ ಮೈಸೂರಿನ ಪುರಭವನ ಕಟ್ಟಿದ್ದು 1884ರಲ್ಲಿ. ಗುಬ್ಬಿಯಲ್ಲಿ ನಾಟಕ ಕಂಪನಿ ಹುಟ್ಟಿದ್ದೂ ಅದೇ 1884ರಲ್ಲಿ. ಇದು ಕಾಕತಾಳೀಯವೇ ಇರಬಹುದು. ಆದರೆ ಮುಂದಿನ ಅರ್ಧ ಶತಮಾನ ನಮ್ಮ ಸೀಮೆಯ ಊರುಗಳಲ್ಲಿ ಸಭೆಗೂ ನಾಟಕಕ್ಕೂ ಒಂದೇ ವೇದಿಕೆ ಸಾಕಾಯಿತೆನ್ನುವುದು ಮಾತ್ರ ಕಾಕತಾಳೀಯವಲ್ಲ. ನಮ್ಮ ಪುರಭವನವನ್ನು ಕಟ್ಟಿಸಿದವರು ಹಗಲಿನ ಭಾಷಣಕ್ಕೆಂದಷ್ಟೇ ಕಟ್ಟಿಸಿದ್ದರೆ ಎದೆಮಟ್ಟದ ಮರದ ರಂಗ, ಅದರ ನಡುವೆ ಒಂದು ಕಳ್ಳಬಾಗಿಲು, ಪರದೆ ಎತ್ತಲು ಮೇಲೆ ರಾಟೆ, ಹಿಂದೆ ಬೇರೆಬೇರೆ ಬಾಗಿಲುಗಳ ಎರಡು ಬಣ್ಣದ ಕೋಣೆ ಇವೆಲ್ಲ ಏಕೆ ಬೇಕಿತ್ತು? ಭಾಷಣಕಾರರು ನೆಲದಡಿಯಿಂದ ಪ್ರತ್ಯಕ್ಷರಾಗುವ ಪದ್ಧತಿ ಆಗಲೂ ಇರಲಿಲ್ಲ.

ಕಳೆದ ಮಳೆಗಾಲದಲ್ಲಿ, ನಮ್ಮ ಮನೆಯ ಹಳೆಯ ಕಂದಾಯದ ದಾಖಲೆ ಹುಡುಕುವ ನೆಪದಿಂದ, ಸಿಬ್ಬಂದಿಯೊಬ್ಬರ ಜೊತೆ ಒಳಗೆ ಹೋಗುವ ಅವಕಾಶ ಸಿಕ್ಕಿತು. ಹದಿನೈದು ವರ್ಷಗಳಲ್ಲಿ ನಾನು ಒಳಗೆ ಕಾಲಿಟ್ಟದ್ದು ಅದೇ ಮೊದಲು. ಪ್ರೇಕ್ಷಕರು ಕೂರುತ್ತಿದ್ದ ಜಾಗದಲ್ಲಿ ಬ್ಲೀಚಿಂಗ್ ಪೌಡರಿನ ಮೂಟೆಗಳು, ಕೆಟ್ಟ ಬೀದಿದೀಪಗಳು, ಮುಗಿದುಹೋದ ಚುನಾವಣೆಗಳ ಫ್ಲೆಕ್ಸುಗಳು. ರಂಗದ ಎಡ ಮೂಲೆಯಲ್ಲಿ ಹಲಗೆಗಳು ಕೊಳೆತು ಕಾಲಿಟ್ಟರೆ ಕುಸಿಯುತ್ತಿದ್ದವು. ಮೇಲೆ ನೋಡಿದರೆ ಕಾರಣ ಕಾಣುತ್ತಿತ್ತು: ಆ ಮೂಲೆಯಲ್ಲಿ ಆರೇಳು ಮಂಗಳೂರು ಹೆಂಚುಗಳಿಲ್ಲ, ಎರಡು ಮಾಡುಗಳು ಕೂಡುವ ತಗಡಿನ ದೋಣಿಯಲ್ಲಿ ಅರಳಿಗಿಡ ಬೆಳೆದು ನೀರು ಒಳಕ್ಕೆ ತಿರುಗಿದೆ. ಬಲ ಮೂಲೆಯಲ್ಲಿ ಹೆಂಚು ಗಟ್ಟಿಯಾಗಿದೆ, ಅದರ ಕೆಳಗಿನ ತೇಗದ ತೊಲೆಯೂ ಹಲಗೆಯೂ ಇವತ್ತಿಗೂ ಗಟ್ಟಿ. ನಾನು ಅವುಗಳ ಮೇಲೆ ನಿಂತು ನೋಡಿದೆ. ಒಂದೇ ಮಾಡಿನ ಕೆಳಗೆ, ಒಂದೇ ವಯಸ್ಸಿನ ಎರಡು ಮೂಲೆಗಳಲ್ಲಿ ಒಂದು ಕೊಳೆತು ಇನ್ನೊಂದು ಉಳಿದಿದ್ದರೆ ದೋಷ ವಯಸ್ಸಿನದಲ್ಲ. ಸಕಾಲದಲ್ಲಿ ಬದಲಾಯಿಸದ ಆರೇಳು ಹೆಂಚುಗಳದು.

ಗೋಡೆಯ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಶಿಥಿಲವೆಂಬ ಮಾತಿಗೆ ಆಧಾರವಾಗಿ ತೋರಿಸುತ್ತಿರುವುದು ಅದನ್ನೇ. ಒಳಗೋಡೆಗಳು ಸೊಂಟದೆತ್ತರದವರೆಗೆ ಉಬ್ಬಿ, ಬಿಳಿಯ ಉಪ್ಪು ಹೂವಿನಂತೆ ಎದ್ದು, ಚಕ್ಕೆಚಕ್ಕೆಯಾಗಿ ಉದುರುತ್ತಿರುವುದು ನಿಜ. ನಾನು ಒಂದು ಚಕ್ಕೆಯನ್ನು ಮನೆಯ ಬೀಗದ ಕೈಯಿಂದ ಮೀಟಿದೆ. ಅಂಗೈಯಗಲದ ಸಿಮೆಂಟು ಪ್ಲಾಸ್ಟರು ಹಪ್ಪಳದಂತೆ ಕಳಚಿ ಬಿತ್ತು. ಅದರ ಹಿಂದೆ ಹಳೆಯ ಸುಣ್ಣದ ಗಾರೆ ಒದ್ದೆಯಾಗಿತ್ತು, ಆದರೆ ಇಟ್ಟಿಗೆಯನ್ನು ಹಿಡಿದೇ ಇತ್ತು. ಬೀಗದ ಕೈಯಿಂದ ಎಷ್ಟು ಕೆರೆದರೂ ಪುಡಿಯಾಗಲಿಲ್ಲ.

ಗಾರೆ ಕೆಲಸ ಬಲ್ಲ ಹಿರಿಯರು ಇದನ್ನು ನನಗಿಂತ ಚೆನ್ನಾಗಿ ವಿವರಿಸಬಲ್ಲರು. ಸುಣ್ಣ, ಮರಳು, ಇಟ್ಟಿಗೆಯ ಪುಡಿಗಳನ್ನು ಗಾಣದಲ್ಲಿ ಅರೆದು, ಬೆಲ್ಲದ ನೀರು, ಅಳಲೆಕಾಯಿಯ ರಸ ಸೇರಿಸಿ ಮಾಡುತ್ತಿದ್ದ ಗಾರೆ ಒಂದೇ ದಿನದಲ್ಲಿ ಗಟ್ಟಿಯಾಗುವಂಥದ್ದಲ್ಲ. ಅದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ವರ್ಷಾನುಗಟ್ಟಲೆ ಹೀರುತ್ತ ಮತ್ತೆ ಕಲ್ಲಾಗುತ್ತ ಹೋಗುತ್ತದೆ. ಅಂಥ ಗೋಡೆಗೆ ನೆಲದಿಂದ ತೇವ ಏರುವುದು ಹೊಸದೇನಲ್ಲ. ಏರಿದ ತೇವ ಗಾರೆಯ ಮೈಯಿಂದಲೇ ಆರಿಹೋಗುತ್ತಿತ್ತು, ಹಳಬರು ವರ್ಷಕ್ಕೊಮ್ಮೆ ಸುಣ್ಣ ಬಳಿದು ಆ ಮೈಯನ್ನು ತೆರೆದಿಡುತ್ತಿದ್ದರು. ನಾವು ಮಾಡಿದ್ದೇನು? ಪ್ರತಿ ಸಲ ಅನುದಾನ ಬಂದಾಗಲೂ ಅದರ ಮೇಲೆ ಸಿಮೆಂಟು ಬಳಿದು, ಅದರ ಮೇಲೆ ಎಣ್ಣೆ ಬಣ್ಣ ಹೊಡೆದೆವು. ಹೊರಬರಲು ದಾರಿಯಿಲ್ಲದ ತೇವ ಇನ್ನೂ ಮೇಲಕ್ಕೇರಿತು, ತನ್ನೊಳಗಿನ ಉಪ್ಪನ್ನು ಸಿಮೆಂಟಿನ ಹಿಂದೆ ಹರಳುಗಟ್ಟಿಸಿ ಅದನ್ನು ಒಳಗಿನಿಂದಲೇ ಒದೆಯಿತು. ಪ್ಲಾಸ್ಟರು ಉದುರಿತೆಂದು ಮುಂದಿನ ಅನುದಾನದಲ್ಲಿ ಇನ್ನೂ ದಪ್ಪ ಸಿಮೆಂಟು ಬಳಿದದ್ದು ಗಾಯದ ಮೇಲೆ ಬರೆ ಎಳೆದಂತಾಯಿತು. ಈಗ ಆ ಗಾಯವನ್ನೇ ತೋರಿಸಿ ರೋಗಿ ಬದುಕುವುದಿಲ್ಲ ಎನ್ನುತ್ತಿದ್ದೇವೆ.

ಕಟ್ಟಡ ಬಿದ್ದು ಜನರಿಗೆ ಅಪಾಯವಾದೀತೆಂಬ ತಮ್ಮ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. 2012ರ ಆಗಸ್ಟಿನಲ್ಲಿ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. ನಾಲ್ಕು ವರ್ಷದ ನಂತರ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಬಿತ್ತು. ಕೆಡವಬೇಕೋ ಉಳಿಸಬೇಕೋ ಎಂಬ ವಾದದಲ್ಲಿ ಆ ಎರಡೂ ಕಟ್ಟಡಗಳು ವರ್ಷಗಟ್ಟಲೆ ಹಾಗೆಯೇ ನಿಂತವು. ಅದರಿಂದ ನನಗೆ ತೋರುವುದು ಇಷ್ಟು: ಹಳೆಯ ಕಟ್ಟಡಕ್ಕೆ ಬೀಗ ಹಾಕಿ ನಿರ್ಧಾರವನ್ನು ಮುಂದೂಡುವುದರಷ್ಟು ಅಪಾಯಕಾರಿಯಾದದ್ದು ಮತ್ತೊಂದಿಲ್ಲ. ನಿಜವಾಗಿ ಪರೀಕ್ಷಿಸಿ, ಬೇಗ ನಿರ್ಧರಿಸಿ, ಒಡನೆ ದುರಸ್ತಿಗಿಳಿಯಬೇಕು. ನಮ್ಮಲ್ಲಿ ಆಗಿರುವ ಪರೀಕ್ಷೆ ಎಂಥದು? ಮಾಹಿತಿ ಹಕ್ಕಿನಡಿ ನನಗೆ ಸಿಕ್ಕ ವರದಿ ಒಂದೂವರೆ ಪುಟದ್ದು. ‘ದೃಶ್ಯ ಪರಿಶೀಲನೆಯಿಂದ ಕಂಡುಬಂದಂತೆ’ ಎಂದು ಆರಂಭವಾಗಿ ‘ಕೆಡವಲು ಯೋಗ್ಯ’ ಎಂದು ಮುಗಿಯುತ್ತದೆ. ನಡುವೆ ಅಡಿಪಾಯದ ಬಗ್ಗೆ ಒಂದು ಸಾಲಿಲ್ಲ, ತೊಲೆಗಳ ಬಗ್ಗೆ ಇಲ್ಲ, ಗಾರೆ ಎಂಬ ಪದವೇ ಇಲ್ಲ. ಅದನ್ನು ಬರೆದವರ ಪ್ರಾಮಾಣಿಕತೆಯನ್ನು ನಾನು ಪ್ರಶ್ನಿಸುತ್ತಿಲ್ಲ. ಸಿಮೆಂಟು ಕಾಂಕ್ರೀಟಿನ ಕಟ್ಟಡಗಳನ್ನಷ್ಟೇ ನೋಡಿದ ಕಣ್ಣಿಗೆ ಸುಣ್ಣದ ಕಟ್ಟಡ ರೋಗಿಷ್ಠವಾಗಿಯೇ ಕಾಣುತ್ತದೆ.

ಇನ್ನು, ‘ಈಗ ನಾಟಕ ಯಾರು ನೋಡುತ್ತಾರೆ’ ಎಂದು ಸದಸ್ಯರೊಬ್ಬರು ಕೇಳಿದರಂತೆ. ಅವರಿಗೆ ನನ್ನದೊಂದು ಮರುಪ್ರಶ್ನೆಯಿದೆ: ಸುಗ್ಗಿ ಮುಗಿದ ಮೇಲೆ ಯುಗಾದಿಯ ಆಚೀಚೆ, ನಮ್ಮ ತಾಲ್ಲೂಕಿನ ಯಾವ ದಿಕ್ಕಿಗೆ ಹೋದರೂ ರಾತ್ರಿ ಹತ್ತರ ಮೇಲೆ ಕೇಳಿಸುವ ಹಾರ್ಮೋನಿಯಮ್ಮಿನ ಸದ್ದು ಯಾರದು? ‘ಕುರುಕ್ಷೇತ್ರ’ವಾಡಲು ಇಲ್ಲಿ ನಟರಿಗೆ ಯಾರೂ ಸಂಭಾವನೆ ಕೊಡುವುದಿಲ್ಲ, ನಟರೇ ಪಾತ್ರಕ್ಕೆ ಹಣ ಕಟ್ಟುತ್ತಾರೆ. ದುರ್ಯೋಧನನ ಪಾತ್ರಕ್ಕೆ ಒಂದು ದರ, ಕೃಷ್ಣನಿಗೆ ಒಂದು, ಶಕುನಿಗೆ ಒಂದು, ಸೈನಿಕನಿಗೆ ಚಿಲ್ಲರೆ. ಹಾಲಿನ ಡೇರಿಯ ಕಾರ್ಯದರ್ಶಿ, ಆಟೊ ಓಡಿಸುವವನು, ರೇಷ್ಮೆ ಬೆಳೆಗಾರ ಹೀಗೆ ಒಬ್ಬೊಬ್ಬರೂ ತಿಂಗಳುಗಟ್ಟಲೆ ರಾತ್ರಿ ಅಭ್ಯಾಸ ಮಾಡಿ, ಸಾಲ ಮಾಡಿಯಾದರೂ ಆ ಒಂದು ರಾತ್ರಿ ಕಿರೀಟ ಧರಿಸುತ್ತಾರೆ. ಜಗತ್ತಿನಲ್ಲಿ ನಟರು ತಮ್ಮ ಕೈಯಿಂದ ದುಡ್ಡು ಕೊಟ್ಟು ನಟಿಸುವ ರಂಗಭೂಮಿ ಇನ್ನೆಲ್ಲಿದೆಯೋ ನಾನು ಕಾಣೆ. ಅಂಥ ಜನರ ತಾಲ್ಲೂಕು ಕೇಂದ್ರದಲ್ಲಿ ನಾಟಕಕ್ಕೆ ಬೇಡಿಕೆಯಿಲ್ಲವೆಂಬ ಮಾತು ಕಾಗದದ ಮೇಲೂ ನಿಲ್ಲುವುದಿಲ್ಲ.

ಇದೇ ನಾಟಕಗಳ ಇನ್ನೊಂದು ಮುಖವನ್ನು ಹೆಂಗಸಾಗಿ ನಾನೇ ಹೇಳಬೇಕು. ದ್ರೌಪದಿ, ಕುಂತಿ, ರುಕ್ಮಿಣಿಯರ ಪಾತ್ರಗಳಿಗೆ ಹೊರ ಊರುಗಳಿಂದ ಕಲಾವಿದೆಯರನ್ನು ಕರೆಸುತ್ತಾರೆ. ಬಯಲಿನಲ್ಲಿ ಹಾಕಿದ ಸೀನರಿಯ ಹಿಂದೆ, ಎರಡು ಟಾರ್ಪಾಲುಗಳ ನಡುವೆ, ಮೊಬೈಲ್ ಹಿಡಿದು ಇಣುಕುವ ಹುಡುಗರನ್ನು ಗದರಿಸುತ್ತ ಅವರು ಸೀರೆ ಬದಲಿಸುತ್ತಾರೆ. ರಾತ್ರಿ ಒಂಬತ್ತರಿಂದ ಬೆಳಗಿನ ಐದರವರೆಗೆ ಅವರಿಗೊಂದು ಶೌಚಾಲಯವಿರುವುದಿಲ್ಲ. ಅದಕ್ಕೇ ಸಂಜೆಯಿಂದ ನೀರು ಕುಡಿಯುವುದನ್ನೇ ಬಿಡುತ್ತೇನೆಂದು, ನಾಲ್ಕು ದಶಕ ದ್ರೌಪದಿಯಾದ ಒಬ್ಬಾಕೆ ನಮ್ಮ ಮನೆಯ ಜಗಲಿಯಲ್ಲಿ ಕೂತು ನನಗೆ ಹೇಳಿದ್ದಾರೆ. ಸುಮಾರು ನೂರು ವರ್ಷದ ಹಿಂದೆ ಈ ಪುರಭವನ ಕಟ್ಟಿಸಿದವರು ಹೆಂಗಸರ ಬಣ್ಣದ ಕೋಣೆಗೆ ಬೇರೆ ಬಾಗಿಲಿಟ್ಟು, ಅದಕ್ಕೆ ಹೊಂದಿಕೊಂಡಂತೆ ಬಚ್ಚಲು ಕಟ್ಟಿಸಿದ್ದರು. ಆ ಕೋಣೆಯಲ್ಲೀಗ ಸೊಳ್ಳೆ ಹೊಡೆಯುವ ಹೊಗೆಯಂತ್ರವಿದೆ.

ಹೊಸ ಸಂಕೀರ್ಣದ ಮೇಲ್ಮಹಡಿಯಲ್ಲೇ ನಾಟಕವಾಡಬಹುದಲ್ಲ ಎನ್ನುವ ವಾದಕ್ಕೆ ಹೆಚ್ಚು ಮಾತು ಬೇಡ. ವಿವಿಧೋದ್ದೇಶವೆಂದರೆ ಕೊನೆಗೆ ಮದುವೆ ಮತ್ತು ಸನ್ಮಾನ ಎಂದೇ ಅರ್ಥವಾಗುವುದನ್ನು ನಾವೆಲ್ಲ ಅಕ್ಕಪಕ್ಕದ ಊರುಗಳಲ್ಲಿ ಕಂಡಿದ್ದೇವೆ. ನುಣುಪಾದ ಟೈಲ್ಸ್ ಮತ್ತು ಬರಿಯ ಕಾಂಕ್ರೀಟಿನ ನಡುವೆ ಮಾತು ಮೂರು ಸಲ ಮಾರ್ದನಿಸುತ್ತದೆ. ಮೈಕು ಬೇಕೇ ಬೇಕು, ಮೈಕು ಹಾಕಿದರೆ ಇನ್ನಷ್ಟು ಗೊಂದಲ. ಹಳೆಯ ಭವನದಲ್ಲಿ ಹೆಂಚಿನ ಕೆಳಗಿನ ಮರದ ಹಲಗೆಯ ಮುಚ್ಚಿಗೆಯೂ ಸುಣ್ಣದ ಗೋಡೆಯೂ ಸೇರಿ ಧ್ವನಿಯನ್ನು ಹದವಾಗಿ ಹಿಡಿಯುತ್ತಿದ್ದವು. ಅಪ್ಪ ಹೊಸ ಹುಡುಗರನ್ನು ಕಲಿಸುವಾಗ ನನ್ನನ್ನು ಕೊನೆಯ ಬೆಂಚಿನಲ್ಲಿ ಕೂರಿಸಿ, ಪದದ ಕೊನೆಯ ಅಕ್ಷರ ಕೇಳಿಸದಿದ್ದರೆ ಕೈಯೆತ್ತು ಎನ್ನುತ್ತಿದ್ದರು. ನಾನು ಕೈಯೆತ್ತಿದ್ದು ಹುಡುಗರ ತಪ್ಪಿಗೆ, ಕಟ್ಟಡದ ತಪ್ಪಿಗಲ್ಲ.

ಇಂಥ ಕೆಲಸ ಎಲ್ಲಿಯೂ ಆಗದ್ದೇನಲ್ಲ. 1887ರಲ್ಲಿ ಕಟ್ಟಿದ ಶಿಮ್ಲಾದ ಗೇಯ್ಟಿ ರಂಗಮಂದಿರವನ್ನು ವರ್ಷಗಳ ಕಾಲ ದುರಸ್ತಿ ಮಾಡಿ 2009ರಲ್ಲಿ ಮತ್ತೆ ತೆರೆದರು. 1993ರಲ್ಲಿ ಬಾಗಿಲು ಮುಚ್ಚಿದ್ದ ಮುಂಬೈಯ ರಾಯಲ್ ಆಪೆರಾ ಹೌಸ್ 2016ರಲ್ಲಿ ಮತ್ತೆ ಪರದೆ ಎತ್ತಿತು. ಅವು ದೊಡ್ಡ ಊರಿನ, ದೊಡ್ಡ ದುಡ್ಡಿನ ಮಾತು ಎನ್ನುವುದಾದರೆ, ಸಾಗರ ತಾಲ್ಲೂಕಿನ ಹೆಗ್ಗೋಡಿನಂಥ ಹಳ್ಳಿಯಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್ ನಾಟಕ ಸಂಸ್ಥೆ ಇಷ್ಟು ವರ್ಷ ನಡೆದುಬಂದಿರುವುದನ್ನು ನೋಡಬಹುದು. ಅದರ ‘ತಿರುಗಾಟ’ 1985ರಿಂದ ಪ್ರತಿವರ್ಷ ಹೊಸ ನಾಟಕಗಳನ್ನು ಹೊತ್ತು ನಾಡು ಸುತ್ತುತ್ತಿದೆ. ಅದನ್ನು ನೋಡಲು ನಾವು ಹತ್ತು ಹದಿನೈದು ಜನ ಪಕ್ಕದ ತಾಲ್ಲೂಕಿಗೆ ಟೆಂಪೊ ಮಾಡಿಕೊಂಡು ಹೋಗುತ್ತೇವೆ. ನಮ್ಮಲ್ಲಿ ರಂಗವಿಲ್ಲದಿದ್ದರೆ ಸರಿ, ಇದ್ದೂ ಹೋಗಬೇಕಾಗಿದೆ. ಎಚ್ಚರಿಕೆಯ ಮಾತನ್ನೂ ನಾನು ಮುಚ್ಚಿಡುವುದಿಲ್ಲ: ಶಾಹು ಮಹಾರಾಜರು ಕೊಲ್ಹಾಪುರದಲ್ಲಿ ಕಟ್ಟಿಸಿದ ಕೇಶವರಾವ್ ಭೋಸಲೆ ನಾಟ್ಯಗೃಹ 2024ರ ಆಗಸ್ಟಿನಲ್ಲಿ ಬೆಂಕಿಗೆ ತುತ್ತಾಯಿತು. ಮರದ ರಂಗ, ಬಟ್ಟೆಯ ಪರದೆ, ಹಳೆಯ ತಂತಿ ಇವು ಮೂರೂ ಒಂದೆಡೆ ಇರುವಲ್ಲಿ ವಿದ್ಯುತ್ ಕೆಲಸಕ್ಕೆ ಕಾಸು ಉಳಿಸಲು ಹೋಗಬಾರದು.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಹೀಗಿದೆ. ಮುಂದಿನ ಸಭೆಯಲ್ಲಿ ಕೆಡವುವ ವಿಷಯವನ್ನು ತಡೆಹಿಡಿದು, ಸುಣ್ಣದ ಕಟ್ಟಡಗಳ ಸಂರಕ್ಷಣೆಯಲ್ಲಿ ಅನುಭವವಿರುವ ವಾಸ್ತುಶಿಲ್ಪಿಯೊಬ್ಬರಿಂದ ಎರಡನೆಯ ವರದಿ ತರಿಸಬೇಕು; ರಾಜ್ಯ ಪುರಾತತ್ವ ಇಲಾಖೆಯ ಕೇಂದ್ರ ಕಚೇರಿ ಮೈಸೂರಿನಲ್ಲೇ ಇದೆ, ಪರಂಪರೆಯ ಕಟ್ಟಡಗಳನ್ನು ಉಳಿಸಲು ದುಡಿಯುವ ಇಂಟ್ಯಾಕ್ ಸಂಸ್ಥೆಯವರೂ ಇದ್ದಾರೆ, ಒಂದು ಪತ್ರ ಬರೆದರೆ ಇಂಥವರ ಹೆಸರು ಸಿಗುತ್ತದೆ. ಆ ವರದಿ ಬರುವವರೆಗೆ ಕಾಯದೆ, ಈ ಮಳೆಗಾಲಕ್ಕೆ ಮೊದಲೇ, ಒಡೆದ ಹೆಂಚು ಬದಲಾಯಿಸಿ ಅರಳಿಗಿಡವನ್ನು ಬೇರುಸಹಿತ ತೆಗೆಸಬೇಕು. ಅದಕ್ಕೆ ಸಾಮಾನ್ಯ ಸಭೆಯ ಠರಾವೂ ಬೇಕಾಗಲಾರದು, ಏಣಿಯೊಂದು ಬೇಕು. ಒಳಗಿನ ಬ್ಲೀಚಿಂಗ್ ಪೌಡರನ್ನು ಇಂದೇ ಸಾಗಿಸಬೇಕು. ಅದರ ಕ್ಲೋರಿನ್ ಗಾಳಿ ರಾಟೆಯ ಕಬ್ಬಿಣವನ್ನು ತಿನ್ನುತ್ತಿದೆ. ದುರಸ್ತಿಯ ಅಂದಾಜುಪಟ್ಟಿ ಮಾಡುವಾಗ ಸಿಮೆಂಟು ಪ್ಲಾಸ್ಟರನ್ನು ಪೂರ್ತಿ ಕಿತ್ತು, ಗೋಡೆಯನ್ನು ಒಂದು ಬೇಸಿಗೆಯಾದರೂ ಒಣಗಲು ಬಿಟ್ಟು, ಆಮೇಲೆ ಸುಣ್ಣದ ಗಾರೆ ಮಾಡಬೇಕೆಂದು ಕರಾರಿನಲ್ಲೇ ಬರೆಸಬೇಕು. ಮಾರ್ಚಿಯೊಳಗೆ ಅನುದಾನ ಖರ್ಚಾಗಬೇಕೆಂಬ ಆತುರ ಈ ಕೆಲಸಕ್ಕೆ ಕೂಡದು, ಏಕೆಂದರೆ ಗೋಡೆಗೆ ಆರ್ಥಿಕ ವರ್ಷ ಗೊತ್ತಿಲ್ಲ.

ತೆರೆದ ಮೇಲೆ ಅದನ್ನು ನಡೆಸುವವರು ಯಾರೆಂಬುದು ಕಟ್ಟುವುದಕ್ಕಿಂತ ಕಷ್ಟದ ಪ್ರಶ್ನೆ. ಗುತ್ತಿಗೆಗೆ ಕೊಟ್ಟರೆ ಅದು ಮತ್ತೆ ಮದುವೆಯ ಛತ್ರವಾಗುತ್ತದೆ. ಪುರಸಭೆಯ ಇಬ್ಬರು, ಹಳ್ಳಿಯ ನಾಟಕ ಮಂಡಳಿಗಳಿಂದ ಇಬ್ಬರು, ಶಾಲಾ ಶಿಕ್ಷಕರೊಬ್ಬರು, ಕಲಾವಿದೆಯರಲ್ಲಿ ಕಡ್ಡಾಯವಾಗಿ ಇಬ್ಬರು ಇರುವ ಸಣ್ಣ ಸಮಿತಿಯೊಂದು ತಿಂಗಳ ಕ್ಯಾಲೆಂಡರನ್ನು ಬಾಗಿಲಲ್ಲೇ ಅಂಟಿಸಿ ನಡೆಸಲಿ. ಅಭ್ಯಾಸಕ್ಕೆ ನಾಮಮಾತ್ರದ ಬಾಡಿಗೆ, ಟಿಕೆಟ್ಟಿನ ಪ್ರದರ್ಶನಕ್ಕೆ ಅದಕ್ಕಿಂತ ಹೆಚ್ಚು, ರಾಜಕೀಯ ಸಭೆಗೆ ಎಲ್ಲಕ್ಕಿಂತ ಹೆಚ್ಚು. ಈ ಕೊನೆಯ ದರದಲ್ಲಿ ಯಾವ ಪಕ್ಷಕ್ಕೂ ರಿಯಾಯಿತಿ ಇರಬಾರದು. ಸಂತೆಯ ದಿನ ಹಳ್ಳಿಯವರು ಹೇಗೂ ಪೇಟೆಗೆ ಬರುವುದರಿಂದ, ಅಂದು ಸಂಜೆ ಎರಡು ಗಂಟೆಯ ಆಟವಿಟ್ಟರೆ ಕೊನೆಯ ಬಸ್ಸಿಗೆ ಅವರು ಊರು ಸೇರಬಹುದು.

ಮಳಿಗೆಗಳಿಂದ ಬರಬಹುದಾದ ಬಾಡಿಗೆಯನ್ನು ಪುರಸಭೆ ಕಳೆದುಕೊಳ್ಳಬೇಕಾಗುತ್ತದೆ ಎನ್ನುವುದನ್ನು ಒಪ್ಪುತ್ತೇನೆ. ಆದರೆ ಬಸ್ ನಿಲ್ದಾಣದ ಪಕ್ಕ ಪುರಸಭೆಯೇ ಕಟ್ಟಿಸಿದ ಮಳಿಗೆಗಳಲ್ಲಿ ಎಷ್ಟಕ್ಕೆ ಬೀಗ ಬಿದ್ದಿದೆ, ಎಷ್ಟರ ಬಾಡಿಗೆ ಬಾಕಿಯಿದೆ ಎನ್ನುವುದನ್ನೂ ಅದೇ ಸಭೆಯ ಮುಂದಿಟ್ಟು, ಆಮೇಲೆ ನಷ್ಟದ ಲೆಕ್ಕ ಹಾಕುವುದು ನ್ಯಾಯ.

ಕೊನೆಯದಾಗಿ ಒಂದು ತಪ್ಪೊಪ್ಪಿಗೆ. ಅಂದು ಬಣ್ಣದ ಕೋಣೆಯ ಮೂಲೆಯಲ್ಲಿ ಬಿದಿರಿಗೆ ಸುತ್ತಿದ್ದ ಒಂದು ಹಳೆಯ ಪರದೆ ಸಿಕ್ಕಿತು. ಕಸದ ಗಾಡಿಗೆ ಹಾಕಬೇಕೆಂದು ಅದನ್ನು ಹೊರಗೆಳೆದಿದ್ದರು. ಬಿಚ್ಚಿ ನೋಡಿದರೆ ರಸ್ತೆ ಪರದೆ: ಎರಡೂ ಬದಿಗೆ ಮಹಡಿ ಮನೆಗಳು, ದೂರದಲ್ಲಿ ಗೋಪುರ, ಕೆಳಗಿನ ಅಂಚು ಗೆದ್ದಲಿಗೆ ಹೋಗಿದ್ದರೂ ನೀಲಿ ಆಕಾಶ ಹಾಗೆಯೇ ಇತ್ತು. ಸಿಬ್ಬಂದಿಯವರನ್ನು ಕೇಳಿ ನಾನದನ್ನು ಆಟೊದಲ್ಲಿ ಹೇರಿಕೊಂಡು ಬಂದೆ. ರಸೀದಿ ಪಡೆದಿಲ್ಲ, ಕೊಟ್ಟಿಲ್ಲ. ಅದೀಗ ನಮ್ಮ ಮನೆಯ ಅಟ್ಟದಲ್ಲಿ, ಬೇವಿನ ಸೊಪ್ಪಿನ ನಡುವೆ ಇದೆ. ಅದು ಪುರಸಭೆಯ ಸ್ವತ್ತು. ರಂಗದ ಮೇಲಿನ ಹೆಂಚು ಸರಿಹೋದ ದಿನ ತಿಳಿಸಿದರೆ ನಾನೇ ತಂದು ಒಪ್ಪಿಸಿ, ದಾಸ್ತಾನು ಪುಸ್ತಕದಲ್ಲಿ ಸಹಿ ಹಾಕುತ್ತೇನೆ.

ತಮ್ಮ ವಿಶ್ವಾಸಿ,
ಹಾರ್ಮೋನಿಯಂ ಮೇಷ್ಟ್ರ ಮಗಳು,
ಪೇಟೆ ಬೀದಿ